ಅಡಿಕೆ ಕೊಯ್ಲಿಗೆ ಮೊದಲು ಊರಮನೆಗೆ ಕ್ಯಾಮೆರಾ

ಸಾಗರದ ಹತ್ತಿರ ನಮ್ಮ ಮನೆ. ಹಂಚಿನ ಮಾಡು, ಜಂಬಿಟ್ಟಿಗೆ ಗೋಡೆ, ಎದುರಿಗೆ ಅಂಗಳ, ಅಂಗಳದ ಆಚೆ ಸುಮಾರು 60 ಮೀಟರ್ ದೂರದಲ್ಲಿ ಅಡಿಕೆ ಬೇಯಿಸುವ ಶೆಡ್. ಈಗ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ. ಬೇಯಿಸಿದ ಅಡಿಕೆ ಚಪ್ಪರದ ಮೇಲೆ ಒಣಗುವ ದಿನಗಳಲ್ಲಿ ಅಪ್ಪ ರಾತ್ರಿ ಎರಡೆರಡು ಸಲ ಎದ್ದು ಟಾರ್ಚ್ ಹಿಡಿದು ಹೊರಗೆ ಹೋಗಿ ಬರುತ್ತಾರೆ. ಅವರಿಗೆ ವಯಸ್ಸಾಗಿದೆ, ಅಂಗಳದಲ್ಲಿ ಪಾಚಿ ಇರುತ್ತದೆ. ನಾನು ಬೆಂಗಳೂರಿನಲ್ಲಿ ಕೂತು ಚಿಂತೆ ಮಾಡುವ ಬದಲು ಈ ಸಲ ಕೊಯ್ಲಿಗೆ ಮೊದಲೇ ಒಂದು ವಾರ ರಜೆ ಹಾಕಿ ಹೋಗಿ ನಾಲ್ಕು ಕ್ಯಾಮೆರಾ ನಾನೇ ಹಾಕಿ ಬಂದೆ.

ವೈಫೈ ಕ್ಯಾಮೆರಾ ಸುಲಭ ಅಲ್ವಾ ಅಂತ ಎಲ್ಲರೂ ಕೇಳಿದರು. ಒಂದೂವರೆ ಅಡಿ ದಪ್ಪದ ಗೋಡೆ ದಾಟಿ ಜಗಲಿಗೇ ಸಿಗ್ನಲ್ ಸರಿಯಾಗಿ ಬರುವುದಿಲ್ಲ, ಇನ್ನು ಶೆಡ್‌ಗೆ ಎಲ್ಲಿಂದ ಬರಬೇಕು? ಮಳೆಗಾಲದಲ್ಲಿ ಇಂಟರ್ನೆಟ್ ಎರಡು ದಿನ ಇಲ್ಲದಿದ್ದರೂ ರೆಕಾರ್ಡಿಂಗ್ ನಡೆಯುತ್ತಲೇ ಇರಬೇಕು. ಹಾಗಾಗಿ ನೆಟ್‌ವರ್ಕ್ ಕೇಬಲ್‌ನಿಂದಲೇ ನಡೆಯುವ ಪಿಓಇ ಕ್ಯಾಮೆರಾ, ಅವುಗಳ ಚಿತ್ರ ರೆಕಾರ್ಡ್ ಮಾಡಿಡುವ ನಾಲ್ಕು ಪೋರ್ಟ್‌ನ ಪೆಟ್ಟಿಗೆ ಅಂದರೆ ಎನ್‌ವಿಆರ್ ತೆಗೆದುಕೊಂಡೆ. ಒಂದೇ ಕೇಬಲ್‌ನಲ್ಲಿ ಕರೆಂಟೂ ಹೋಗುತ್ತದೆ, ಚಿತ್ರವೂ ಬರುತ್ತದೆ, 100 ಮೀಟರ್ ತನಕ ತೊಂದರೆ ಇಲ್ಲ.

ಈ ಕೆಲಸದಲ್ಲಿ ನಿಜವಾಗಿ ದುಡ್ಡು, ಸಮಯ, ಗಮನ ಎಲ್ಲ ಕೊಡಬೇಕಾದದ್ದು ಕೇಬಲ್‌ಗೆ. ಕ್ಯಾಮೆರಾ ಹಾಳಾದರೆ ಹತ್ತು ನಿಮಿಷದಲ್ಲಿ ಬಿಚ್ಚಿ ಬೇರೆ ಹಾಕಬಹುದು, ಅಟ್ಟದ ಮೇಲೆ ಪಕಾಸಿಗೆ ಹೊಡೆದು ಕೂರಿಸಿದ ಕೇಬಲ್ ಬದಲಾಯಿಸುವುದು ಇಡೀ ದಿನದ ಕೆಲಸ. ಇದು ನನಗೆ ಅನುಭವದಿಂದಲೇ ಗೊತ್ತಾಯಿತು. ಅಂಗಡಿಯವರು ತಾಮ್ರ ಅಂತ ಹೇಳಿ ಕೊಟ್ಟ ಕೇಬಲ್ ಎಳೆದೆ. ಹಗಲೆಲ್ಲ ಶೆಡ್ಡಿನ ಕ್ಯಾಮೆರಾ ಚೆನ್ನಾಗಿ ನಡೆಯಿತು. ಕತ್ತಲಾಗಿದ್ದೇ ತಡ, ಆಫ್ ಆಗುವುದು, ಮತ್ತೆ ಆನ್ ಆಗುವುದು, ಹೀಗೇ ಬೆಳಗಿನ ತನಕ. ಕ್ಯಾಮೆರಾನೇ ಸರಿ ಇಲ್ಲ ಅಂದುಕೊಂಡು ಇನ್ನೊಂದು ಹಾಕಿ ನೋಡಿದೆ, ಅದೂ ಹಾಗೇ ಮಾಡಿತು. ಆಮೇಲೆ ಉಳಿದ ತುಂಡನ್ನು ಬ್ಲೇಡಿನಿಂದ ಕೆರೆದು ನೋಡಿದೆ. ಮೇಲೆ ತೆಳ್ಳಗೆ ತಾಮ್ರದ ಲೇಪ, ಒಳಗೆ ಬೆಳ್ಳಗೆ ಅಲ್ಯುಮಿನಿಯಂ. ಇಂಥ ತಂತಿಯಲ್ಲಿ ಕರೆಂಟಿಗೆ ತಡೆ ಜಾಸ್ತಿ, ತಾಮ್ರದ ಒಂದೂವರೆ ಪಟ್ಟಿನಷ್ಟು. ಕತ್ತಲಾದ ಮೇಲೆ ಕ್ಯಾಮೆರಾದ ಇನ್‌ಫ್ರಾರೆಡ್ ದೀಪ ಹತ್ತಿಕೊಂಡು ಕರೆಂಟ್ ಹೆಚ್ಚು ಬೇಕಾಗುತ್ತದೆ, ಅಷ್ಟು ದೂರಕ್ಕೆ ಅದು ತಲುಪುವುದಿಲ್ಲ. ಅಪ್ಪಟ ತಾಮ್ರದ, ಹೊರಗೆ ಬಿಸಿಲು ತಡೆಯುವ ಕಪ್ಪು ಹೊದಿಕೆಯ ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ತಂದು ಎರಡನೇ ಸಲ ಎಳೆದೆ, ಸಮಸ್ಯೆ ಅಲ್ಲಿಗೇ ಮುಗಿಯಿತು. ದಯವಿಟ್ಟು ಅಂಗಡಿಯಲ್ಲೇ ಕೆರೆದು ನೋಡಿ ತನ್ನಿ.

ಹೊರಗಿನ ಕೇಬಲ್ ಪೂರ್ತಿ ಪಿವಿಸಿ ಪೈಪಿನೊಳಗೆ ಹಾಕಿದೆ, ಇಲಿ ಅಳಿಲು ಬಿಡುವುದಿಲ್ಲವಲ್ಲ. ಗೋಡೆಗೆ ತೂತು ಕೊರೆಯುವಾಗ ಹೊರಬದಿಗೆ ಸ್ವಲ್ಪ ಇಳಿಜಾರು ಇರಲಿ, ಕೇಬಲ್ ಒಳಗೆ ಹೋಗುವ ಮೊದಲು ಜೋಲುಬಿಟ್ಟು ಒಂದು ಬಾಗು ಕೊಡಿ, ಮಳೆನೀರು ಆ ಬಾಗಿನ ತುದಿಯಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಜಂಬಿಟ್ಟಿಗೆಯಲ್ಲಿ ಸ್ಕ್ರೂ ಕೂರಿಸುವ ಪ್ಲಾಸ್ಟಿಕ್ ಗಿಟ್ಟಿ ನಿಲ್ಲುವುದಿಲ್ಲ, ಕಲ್ಲು ಪುಡಿಯಾಗಿ ಉದುರುತ್ತದೆ. ಅಪ್ಪ ಹಲಸಿನ ಮರದ ಬೆಣೆ ಕೆತ್ತಿ ಕೊಟ್ಟರು, ಅದನ್ನು ಬಡಿದು ಅದರ ಮೇಲೆ ಸ್ಕ್ರೂ ಹಾಕಿದೆ, ಗಟ್ಟಿಯಾಗಿ ಕೂತಿದೆ. ಕನೆಕ್ಟರ್ ಒತ್ತುವಾಗ ಬಣ್ಣಗಳ ಸಾಲು ಎರಡೂ ತುದಿಯಲ್ಲಿ ಒಂದೇ ಇರಬೇಕು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಇದನ್ನು ಒಂದು ಚೀಟಿಯಲ್ಲಿ ಬರೆದು ಎನ್‌ವಿಆರ್ ಪೆಟ್ಟಿಗೆಯೊಳಗೆ ಅಂಟಿಸಿಟ್ಟಿದ್ದೇನೆ.

ಜಾಗ ಗೊತ್ತು ಮಾಡಲು ಹಗಲು ಸಾಲದು. ಕ್ಯಾಮೆರಾವನ್ನು ಬಿದಿರಿನ ಗಳಕ್ಕೆ ಕಟ್ಟಿ, ಅಪ್ಪ ಹಿಡಿದು ನಿಂತು, ನಾನು ಒಳಗೆ ಪರದೆ ನೋಡುತ್ತಾ, ರಾತ್ರಿ ಒಂಬತ್ತು ಗಂಟೆಗೆ ಒಂದೊಂದೇ ಜಾಗ ಪರೀಕ್ಷೆ ಮಾಡಿದೆವು. ಪಕ್ಕದಲ್ಲೇ ಸುಣ್ಣದ ಗೋಡೆ ಇದ್ದರೆ ದೀಪದ ಬೆಳಕು ಅದಕ್ಕೆ ಬಡಿದು ಚಿತ್ರ ಪೂರ್ತಿ ಬೆಳ್ಳಗಾಗುತ್ತದೆ. 2.8 ಮಿ.ಮೀ. ಲೆನ್ಸ್ ಅಂಗಳ ಇಡೀ ತೋರಿಸುತ್ತದೆ, ಆದರೆ ಐದು ಮೀಟರ್ ದಾಟಿದರೆ ಮುಖ ಗುರುತು ಹಿಡಿಯುವುದು ಕಷ್ಟ. ಅದಕ್ಕೇ ಒಳಗೆ ಬರುವ ದಾರಿಯ ದಣಪೆ ಕಡೆಗೆ ಮಾತ್ರ ದೂರದ್ದನ್ನು ಹತ್ತಿರ ತೋರಿಸುವ 6 ಮಿ.ಮೀ. ಲೆನ್ಸಿನದು ಹಾಕಿದೆ. ಎತ್ತರ ಒಂಬತ್ತು ಅಡಿ. ಅದಕ್ಕಿಂತ ಮೇಲೆ ಹಾಕಿದರೆ ಬಂದವರ ನೆತ್ತಿ ಮಾತ್ರ ಕಾಣುತ್ತದೆ.

ಹಿತ್ತಲಿಗೂ ಒಂದು ಹಾಕೋಣ ಅಂದಾಗ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಬಾವಿಕಟ್ಟೆಯಲ್ಲಿ ಪಾತ್ರೆ ತೊಳೆಯೋದನ್ನೂ ನೋಡ್ತೀಯೇನೋ?" ಅಂದರು. ಆ ಮಾತು ನನಗೆ ನಾಟಿತು. ಇದು ಅವರ ಮನೆ, ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವ ಜಾಗ, ಪಕ್ಕದ ಮನೆಯವರೂ ಅದೇ ಬಾವಿಗೆ ಬರುತ್ತಾರೆ. ಹಿತ್ತಲಿನ ಕ್ಯಾಮೆರಾವನ್ನು ತೋಟದ ದಾರಿಯ ಕಡೆ ತಿರುಗಿಸಿದೆ. ಬಾವಿಕಟ್ಟೆ ಮೂಲೆಯಲ್ಲಿ ಬಂದೇ ಬರುತ್ತಿತ್ತು, ಸೆಟ್ಟಿಂಗ್‌ನಲ್ಲಿ ಪ್ರೈವಸಿ ಮಾಸ್ಕ್ ಅಂತ ಇರುತ್ತದೆ, ಅಷ್ಟು ಭಾಗ ಕಪ್ಪು ಮಾಡಿ ಅಮ್ಮನಿಗೆ ಪರದೆಯಲ್ಲಿ ತೋರಿಸಿದೆ. ಮನೆಯ ಒಳಗೆ ಎಲ್ಲೂ ಹಾಕಿಲ್ಲ. ಹಾಕುವುದೂ ಇಲ್ಲ.

ಹಾರ್ಡ್ ಡಿಸ್ಕ್ ಲೆಕ್ಕ ಸುಲಭ. ವಿಡಿಯೊ ಕುಗ್ಗಿಸಿಡುವ ಎಚ್.265 ವಿಧಾನದಲ್ಲಿ ಒಂದು ಕ್ಯಾಮೆರಾಗೆ ಸೆಕೆಂಡಿಗೆ 2 ಮೆಗಾಬಿಟ್ ಇಟ್ಟರೆ ದಿನಕ್ಕೆ 21.6 ಜಿಬಿ, ನಾಲ್ಕಕ್ಕೆ 86 ಜಿಬಿ ಚಿಲ್ಲರೆ, 2 ಟಿಬಿ ಡಿಸ್ಕಿನಲ್ಲಿ ಸುಮಾರು ಮೂರು ವಾರ ಉಳಿಯುತ್ತದೆ. ಹಗಲೂ ರಾತ್ರಿ ಬರೆಯುವ ಕೆಲಸಕ್ಕೇ ಮಾಡಿದ ಡಿಸ್ಕ್ ತನ್ನಿ, ಹಳೆ ಕಂಪ್ಯೂಟರಿನದು ಬೇಡ. ಎಲ್ಲಾ ಸೇರಿ 40 ವ್ಯಾಟ್ ಹತ್ತಿರ ಎಳೆಯುತ್ತದೆ, ಹಳೇ ಟ್ಯೂಬ್‌ಲೈಟ್ ಒಂದರಷ್ಟು, ಹಾಗಾಗಿ ಇನ್ವರ್ಟರ್ ಲೈನಿಗೇ ಕೊಟ್ಟಿದ್ದೇನೆ. ಪೆಟ್ಟಿಗೆಯ ಜೊತೆ ಬರುವ ಪಾಸ್‌ವರ್ಡ್ ಮೊದಲ ದಿನವೇ ಬದಲಾಯಿಸಿ. 2016ರಲ್ಲಿ ಮಿರಾಯ್ ಅನ್ನುವ ಮಾಲ್‌ವೇರ್ ಲಕ್ಷಗಟ್ಟಲೆ ಕ್ಯಾಮೆರಾ, ಡಿವಿಆರ್‌ಗಳಂಥ ಸಾಧನಗಳೊಳಗೆ ನುಗ್ಗಿದ್ದು ಇಂಥ ಬದಲಾಯಿಸದ ಪಾಸ್‌ವರ್ಡ್‌ಗಳಿಂದಲೇ.

ಇನ್ನು ಬಾಕಿ ಇರುವುದು ಸಿಡಿಲಿನ ಕೆಲಸ. ಏಪ್ರಿಲ್ ಮೇ ತಿಂಗಳ ಗುಡುಗು ಮಳೆ ನಮ್ಮ ಕಡೆ ಹೇಗಿರುತ್ತದೆ ಅಂತ ಗೊತ್ತಿದ್ದವರಿಗೆ ಗೊತ್ತು. ಶೆಡ್ಡಿಗೆ ಹೋದ ಉದ್ದನೆಯ ತಾಮ್ರದ ತಂತಿ ಸಿಡಿಲಿನ ಹೊಡೆತವನ್ನು ಸೀದಾ ಎನ್‌ವಿಆರ್‌ಗೆ ತರಬಹುದು. ಸದ್ಯಕ್ಕೆ ಎರಡೂ ತುದಿಗೆ ಅಂಥ ಹೊಡೆತವನ್ನು ನೆಲಕ್ಕೆ ಇಳಿಸುವ ಸರ್ಜ್ ಪ್ರೊಟೆಕ್ಟರ್ ಹಾಕಿ ಅರ್ಥಿಂಗ್ ಕೊಟ್ಟಿದ್ದೇನೆ. ಗುಡುಗು ಶುರುವಾಗುವ ಮೊದಲೇ ಎಳೆಯಬೇಕಾದ ಪ್ಲಗ್ ಯಾವುದು ಅಂತ ಅಪ್ಪನಿಗೆ ಕೆಂಪು ಟೇಪ್ ಸುತ್ತಿ ತೋರಿಸಿದ್ದೇನೆ. ಮುಂದಿನ ಸಲ ಹೋದಾಗ ಆ 60 ಮೀಟರಿಗೆ ಫೈಬರ್ ಎಳೆಯುತ್ತೇನೆ, ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಶೆಡ್ಡಿನಲ್ಲೇ ಕರೆಂಟ್ ಇದೆ, ಕ್ಯಾಮೆರಾಗೆ ಅಲ್ಲಿಂದಲೇ ಕೊಟ್ಟರಾಯಿತು.

ಅಪ್ಪ ಈಗ ರಾತ್ರಿ ಎದ್ದರೆ ಮೊದಲು ಟಿವಿ ಹಾಕಿ ಚಪ್ಪರ ನೋಡುತ್ತಾರೆ. ಭಾನುವಾರ ಭಾನುವಾರ ಹಿಡಿಕಡ್ಡಿ ಗಳಕ್ಕೆ ಕಟ್ಟಿ ಲೆನ್ಸಿನ ಮುಂದಿನ ಜೇಡರ ಬಲೆ ತೆಗೆಯುವುದನ್ನೂ ಅವರೇ ವಹಿಸಿಕೊಂಡಿದ್ದಾರೆ.