ಬಿಸಿಯಾಗಿ ಆಫ್ ಆಗ್ತಿದ್ದ ಲ್ಯಾಪ್‌ಟಾಪ್, ಈಗ ಆನೇ ಆಗ್ತಿಲ್ಲ: ರಿಪೇರಿ ಡೈರಿ

ಶನಿವಾರ

ಒಂದು ತಿಂಗಳಿಂದ ಫ್ಯಾನ್ ಗರಗರ ಅಂತಿತ್ತು, ಆಮೇಲೆ ಒಂದಿನ ಸದ್ದೇ ನಿಂತೋಯ್ತು, ಸರಿ ಹೋಯ್ತು ಅನ್ಕೊಂಡು ಸುಮ್ನಿದ್ದೆ. ನಿನ್ನೆ ವಿಡಿಯೋ ಎಕ್ಸ್‌ಪೋರ್ಟ್ ಹಾಕಿದ್ದಾಗ ಕೀಬೋರ್ಡ್ ಮೇಲೆ ಕೈ ಇಡೋಕಾಗದಷ್ಟು ಕಾದು ಟಪ್ ಅಂತ ಆಫ್. ಈಗ ಬಟನ್ ಒತ್ತಿದ್ರೆ ಲೈಟ್ ಬರತ್ತೆ, ಲೋಗೋನೂ ಬರತ್ತೆ, ಅಷ್ಟರಲ್ಲಿ ಮತ್ತೆ ಆಫ್.

ಮೊದಲು ಪವರ್ ಕಡೆ ನೋಡ್ದೆ. ಚಾರ್ಜರ್ ತೆಗೆದು ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿದೆ, ಏನೂ ಬದಲಾಗ್ಲಿಲ್ಲ. ಮಲ್ಟಿಮೀಟರಲ್ಲಿ ಅಡಾಪ್ಟರ್ 19.4 ವೋಲ್ಟ್ ತೋರಿಸ್ತು, ಲೇಬಲ್ ಮೇಲೆ 19.5 ಇದೆ, ಲ್ಯಾಪ್‌ಟಾಪ್‌ಗೆ ಹಾಕದೆ ಬರೀ ಅಡಾಪ್ಟರ್ ನೋಡಿದ್ದು ಆದ್ರೂ ಸದ್ಯಕ್ಕೆ ಓಕೆ.

ಆಮೇಲೆ ಆನ್ ಆದಾಗಿಂದ ಆಫ್ ಆಗೋವರೆಗೂ ಎಷ್ಟು ಸೆಕೆಂಡ್ ಅಂತ ಬರೆದಿಡೋಕೆ ಶುರು ಮಾಡ್ದೆ. ತಣ್ಣಗಿದ್ದಾಗ 41 ಸೆಕೆಂಡ್. ತಕ್ಷಣ ಮತ್ತೆ ಒತ್ತಿದ್ರೆ 7. ಅರ್ಧ ಗಂಟೆ ಬಿಟ್ಟು ಒತ್ತಿದ್ರೆ 26. ತಣ್ಣಗಾದಷ್ಟೂ ಜಾಸ್ತಿ ಹೊತ್ತು ಓಡ್ತಿದೆ ಅಂದ್ರೆ ಇದು ಬಿಸಿದೇ ಸಮಸ್ಯೆ ಅಂತ ನನಗನ್ನಿಸ್ತು. ತುಂಬಾ ಇಂಟೆಲ್ ಪ್ರೊಸೆಸರ್‌ಗಳು 100 ಡಿಗ್ರಿ ಹತ್ರ ಬಂದ್ರೆ ತಾವೇ ಸ್ಪೀಡ್ ಇಳಿಸ್ಕೊಳ್ತವೆ, ಅದಕ್ಕೂ ಬಗ್ಗದೆ ಬಿಸಿ ಏರಿದ್ರೆ ಸುಟ್ಟೋಗ್ದೆ ಇರ್ಲಿ ಅಂತ ಪವರೇ ಕಟ್ ಆಗತ್ತೆ.

ಭಾನುವಾರ

ಬಿಚ್ಚಿದೆ. ಮೊದಲ ಕೆಲಸ ಬ್ಯಾಟರಿ ಕನೆಕ್ಟರ್ ತೆಗೆಯೋದು, ಅದನ್ನ ತೆಗೆಯೋವರೆಗೂ ಬೇರೆ ಏನನ್ನೂ ಮುಟ್ಬೇಡಿ. ಬ್ಯಾಟರಿ ಉಬ್ಬಿಲ್ಲ, ಅದೊಂದು ಸಮಾಧಾನ. ಫೈಲ್‌ಗಳೆಲ್ಲಾ ಇರೋ ಎಸ್‌ಎಸ್‌ಡಿ ತೆಗೆದು ಯುಎಸ್‌ಬಿ ಕೇಸ್‌ಗೆ ಹಾಕಿ ಅಮ್ಮನ ಹಳೇ ಫೋಟೋಗಳ ಸ್ಕ್ಯಾನ್ ಎಲ್ಲಾ ಬೇರೆ ಡ್ರೈವ್‌ಗೆ ಕಾಪಿ ಮಾಡ್ಕೊಂಡೆ, ನಿಜ ಹೇಳ್ತೀನಿ, ಲ್ಯಾಪ್‌ಟಾಪ್ ಹೋದ್ರೂ ಪರವಾಗಿಲ್ಲ, ಅವು ಹೋಗಿದ್ರೆ ತಡ್ಕೊಳ್ಳೋಕಾಗ್ತಿರ್ಲಿಲ್ಲ.

ಮೇಲಿಂದ ಫ್ಯಾನ್ ನೋಡಿದ್ರೆ ಅಷ್ಟೇನೂ ಧೂಳಿಲ್ಲ. ಫ್ಯಾನ್ ಬಿಚ್ಚಿದ್ರೆ ಅದಕ್ಕೂ ಹೀಟ್‌ಸಿಂಕ್ (ಪ್ರೊಸೆಸರ್ ಬಿಸಿ ಎಳ್ಕೊಳ್ಳೋ ಲೋಹದ ಭಾಗ) ರೆಕ್ಕೆಗಳಿಗೂ ಮಧ್ಯೆ ಕಂಬಳಿ ತರ ಧೂಳು ಹೆಪ್ಪುಗಟ್ಟಿದೆ, ಗಾಳಿ ಹೊರಗೆ ಹೋಗೋಕೆ ದಾರಿನೇ ಇಲ್ಲ. ಹೊರಗಿಂದ ಗಾಳಿ ಊದಿದ್ರೆ ಇದು ಬರಲ್ಲ, ಬಿಚ್ಚೇ ತೆಗೀಬೇಕು. ಊದೋವಾಗ ಫ್ಯಾನ್ ರೆಕ್ಕೆನ ಬೆರಳಲ್ಲಿ ಹಿಡ್ಕೊಂಡಿರಿ, ಜೋರಾಗಿ ತಿರುಗಿದ್ರೆ ಬೇರಿಂಗ್ ಹಾಳಾಗತ್ತೆ.

ಹೀಟ್‌ಸಿಂಕ್ ಸ್ಕ್ರೂಗಳ ಪಕ್ಕ 1, 2, 3, 4 ಅಂತ ನಂಬರ್ ಇತ್ತು, ಬಿಚ್ಚೋವಾಗ 4ರಿಂದ ಹಿಂದಕ್ಕೆ, ಹಾಕೋವಾಗ 1ರಿಂದ. ಪ್ರೊಸೆಸರ್ ಬಿಸಿನ ಹೀಟ್‌ಸಿಂಕ್‌ಗೆ ದಾಟಿಸೋ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಚಕ್ಕೆ ತರ ಏಳ್ತಿತ್ತು. ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ ಹೊಸ ಪೇಸ್ಟ್ ತೆಳ್ಳಗೆ ಹಚ್ಚಿದೆ. ರ‍್ಯಾಮ್ ಕೂಡ ತೆಗೆದು ಹಾಕ್ದೆ.

ಭಾನುವಾರ ರಾತ್ರಿ

ಎಲ್ಲಾ ಜೋಡಿಸಿ ಒತ್ತಿದ್ರೆ ಲೈಟೂ ಇಲ್ಲ! ನಿನ್ನೆ 41 ಸೆಕೆಂಡಾದ್ರೂ ಓಡ್ತಿತ್ತಲ್ಲ, ನಾನೇ ಕೊಂದ್ಬಿಟ್ನಾ ಅಂತ ಕೈ ನಡುಗ್ತು. ಮತ್ತೆ ಬಿಚ್ಚಿ ಒಂದೊಂದೇ ಕನೆಕ್ಟರ್ ನೋಡ್ತಾ ಬಂದ್ರೆ ಪವರ್ ಬಟನ್‌ನ ಪಟ್ಟಿ ಕೇಬಲ್ ಓರೆಯಾಗಿ ಕೂತಿತ್ತು, ಲಾಕ್ ಎತ್ತಿ ನೇರ ಮಾಡಿ ಒತ್ತಿದೆ. ಲೈಟ್ ಬಂತು, ಸ್ಕ್ರೀನ್ ಮಾತ್ರ ಕಪ್ಪು. ಬ್ಯಾಟರಿ, ರ‍್ಯಾಮ್ ತೆಗೆದು ಹಾಕಿದ್ಮೇಲೆ ಮೊದಲ ಸಲ ಮೆಮೊರಿ ಚೆಕ್ ಆಗೋಕೆ ಹೊತ್ತಾಗ್ಬಹುದು ಅಂತ ಗೊತ್ತಿತ್ತು, ಅದಕ್ಕೇ ಮುಟ್ದೆ ಕಾದೆ, ಲೋಗೋ ಬಂತು.

ಈ ಸಲ ನಾಲ್ಕು ನಿಮಿಷ ಓಡಿ ಆಫ್ ಆಯ್ತು. ಫ್ಯಾನ್ ತಿರುಗ್ತಾನೇ ಇಲ್ಲ, ಬೆರಳಲ್ಲಿ ತಳ್ಳಿದ್ರೂ ಬಿಗಿ. ಅವತ್ತು ಸದ್ದು ನಿಂತಿದ್ದು ಇದಕ್ಕೇ.

ಮುಂದಿನ ಶನಿವಾರ

ಹಳೇ ಫ್ಯಾನ್ ಸ್ಟಿಕರ್ ಮೇಲಿನ ಪಾರ್ಟ್ ನಂಬರ್, 5 ವೋಲ್ಟ್, ನಾಲ್ಕು ವೈರ್, ಎಲ್ಲಾ ಹೊಂದೋದು ನೋಡಿ ತರಿಸಿದ ಹೊಸ ಫ್ಯಾನ್ ಹಾಕ್ದೆ. ಸುಮ್ನಿದ್ದಾಗ ಪ್ರೊಸೆಸರ್ 45 ಡಿಗ್ರಿ. ಅದೇ ವಿಡಿಯೋ ಎಕ್ಸ್‌ಪೋರ್ಟ್ ಹಾಕಿ ಪಕ್ಕದಲ್ಲೇ ಕೂತಿದ್ದೆ, 82ಕ್ಕೆ ನಿಂತ್ಕೊಂಡಿತು, ಅರ್ಧ ಗಂಟೆ ಆದ್ರೂ ಏರ್ಲಿಲ್ಲ, ಫೈಲ್ ಪೂರ್ತಿ ಆಯ್ತು.