ತೂಗಾಡುವ ಬೋಗಿಯ ಮಾದರಿ: ಸುತ್ತು 0ರಿಂದ 1,904ರವರೆಗೆ

ಸುತ್ತು 0

ಈ ದಾಖಲೆಯಲ್ಲಿ ತಾರೀಖು ಇಲ್ಲ, ಸುತ್ತಿನ ಲೆಕ್ಕ ಮಾತ್ರ ಇದೆ. ನನಗೆ ಬೇಕಾಗಿರುವುದು ಎಷ್ಟು ದಿನ ಆಯಿತು ಅನ್ನುವುದಲ್ಲ, ಎಷ್ಟು ಸಲ ಓಡಿತು ಅನ್ನುವುದು. ಹಳಿಯ ಕೊನೆಗೆ ಒಂದು ಇನ್‌ಫ್ರಾರೆಡ್ ಸೆನ್ಸರ್ ಕೂರಿಸಿ, ಎಣಿಸುವ ಕೆಲಸವನ್ನು ಆರ್ಡುಯಿನೊ ಅನ್ನುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡಿಗೆ ಒಪ್ಪಿಸಿದ್ದೇನೆ. ಬಿಟ್ಟ ಕ್ಷಣದಿಂದ ಬ್ರೇಕ್ ತಲುಪುವವರೆಗಿನ ಸಮಯವನ್ನೂ ಅದೇ ಬರೆದುಕೊಳ್ಳುತ್ತದೆ.

ಕಟ್ಟುತ್ತಿರುವುದು ಹಳಿಯ ಕೆಳಗೆ ಬೋಗಿ ನೇತಾಡುವ ರೋಲರ್ ಕೋಸ್ಟರ್. ಅಳತೆ ಇಪ್ಪತ್ತಕ್ಕೆ ಒಂದು. ಇದರ ಮೂಲಪುರುಷ 1981ರಲ್ಲಿ ಅಮೆರಿಕದ ಓಹಾಯೊ ರಾಜ್ಯದ ಕಿಂಗ್ಸ್ ಐಲೆಂಡ್ ಪಾರ್ಕಿನಲ್ಲಿ ಶುರುವಾದ 'ದಿ ಬ್ಯಾಟ್'. ತಲೆಕೆಳಗಾಗಿ ನೇತಾಡುವುದಕ್ಕೆ ಬಾವಲಿ ಅನ್ನುವ ಹೆಸರು ಸರಿಯಾಗಿಯೇ ಇದೆ. ಮಾಡಿದ್ದು ಆ್ಯರೋ ಕಂಪನಿ. ಡಿಸ್ನಿಲ್ಯಾಂಡಿನ ಮ್ಯಾಟರ್‌ಹಾರ್ನ್‌ಗೆ 1959ರಲ್ಲಿ ಉಕ್ಕಿನ ಕೊಳವೆಯ ಹಳಿ ಹಾಕಿದ್ದು ಅವರೇ, 1975ರಲ್ಲಿ ಸ್ಕ್ರೂ ಹಾಗೆ ತಲೆಕೆಳಗು ಸುತ್ತುವ ಕಾರ್ಕ್‌ಸ್ಕ್ರೂ ಕೋಸ್ಟರ್ ತಂದಿದ್ದೂ ಅವರೇ. ಅನುಭವ ಇಲ್ಲದವರೇನೂ ಅಲ್ಲ. ಆದರೂ ಬ್ಯಾಟ್ ಓಡಿದ್ದಕ್ಕಿಂತ ನಿಂತಿದ್ದಕ್ಕೇ ಹೆಸರಾಯಿತು. 1983ರ ಸೀಸನ್ ಮುಗಿದ ಮೇಲೆ ಮತ್ತೆ ತೆರೆಯಲೇ ಇಲ್ಲ.

ಮುಖ್ಯ ಕಾರಣಗಳಲ್ಲಿ ಒಂದು, ತಿರುವುಗಳಲ್ಲಿ ಹಳಿಗೆ ಓರೆ ಕೊಡದೆ ಇದ್ದದ್ದು. ಬೋಗಿ ತಾನೇ ಓರೆಯಾಗಿ ತೂಗುತ್ತದಲ್ಲ, ಹಳಿ ಯಾಕೆ ಓರೆಯಾಗಬೇಕು? ನಾನಾಗಿದ್ದರೂ ಹಾಗೇ ಯೋಚಿಸುತ್ತಿದ್ದೆ. ಅದಕ್ಕೇ ನಾನೂ ಮೊದಲು ಓರೆಯಿಲ್ಲದ ಹಳಿಯನ್ನೇ ಹಾಕುತ್ತೇನೆ. ತಪ್ಪು ಎಲ್ಲಿ ಕೂತಿತ್ತು ಅಂತ ಕಣ್ಣಾರೆ ನೋಡಬೇಕು.

ಲೆಕ್ಕಕ್ಕೆ: ಹಳಿ 8 ಮೀಟರ್, 5 ಮಿ.ಮೀ. ಉಕ್ಕಿನ ಸರಳು. ಏರು 75 ಸೆಂ.ಮೀ. ಮೂರು ಬೋಗಿ, ಒಂದೊಂದೂ 190 ಗ್ರಾಂ. ಮೊದಲ ತಿರುವಿನ ತ್ರಿಜ್ಯ 60 ಸೆಂ.ಮೀ.

ಸುತ್ತು 6

ಮೊದಲ ತಿರುವಿಗೆ ಬರುವಾಗ ವೇಗ ಸೆಕೆಂಡಿಗೆ 2.4 ಮೀಟರ್. ಆ ವೇಗಕ್ಕೆ, ಆ ತ್ರಿಜ್ಯಕ್ಕೆ, ಬೋಗಿ ಸುಮಾರು 44 ಡಿಗ್ರಿ ವಾಲಿ ನಿಲ್ಲಬೇಕು. ಕಂಬಗಳನ್ನು 55 ಡಿಗ್ರಿಗೆ ತಾಗದ ಹಾಗೆ ಇಟ್ಟು ಜಾಣ ಅಂದುಕೊಂಡಿದ್ದೆ. ಬೋಗಿ ಹೋಗಿ ಕಂಬಕ್ಕೆ ಢಿಕ್ಕಿ ಹೊಡೆಯಿತು.

ಕಂಬ ಸರಿಸಿ, ಫೋನಿನಲ್ಲಿ ನಿಧಾನಗತಿಯ ವೀಡಿಯೊ ತೆಗೆದು ನೋಡಿದೆ. ಬೋಗಿ ವಾಲಿದ್ದು 79 ಡಿಗ್ರಿ! ಹೆಚ್ಚೂಕಡಿಮೆ ಮಲಗಿಕೊಂಡೇ ಹೋಗುತ್ತಿದೆ.

ಆಮೇಲೆ ಹೊಳೆಯಿತು. ನೇರ ಹಳಿಯಿಂದ ದಿಢೀರನೆ ತಿರುವಿಗೆ ಬಂದರೆ ಬೋಗಿಯ ಪಾಲಿಗೆ 'ಕೆಳಗೆ' ಅನ್ನುವ ದಿಕ್ಕೇ ಒಮ್ಮೆಲೇ 44 ಡಿಗ್ರಿ ಸರಿದ ಹಾಗೆ. ಲೋಲಕವನ್ನು 44 ಡಿಗ್ರಿ ಎಳೆದು ಕೈಬಿಟ್ಟರೆ ಅದು ನಡುವಿಗೆ ಬಂದು ನಿಲ್ಲುತ್ತದೆಯೇ? ಆ ಕಡೆಗೂ ಅಷ್ಟೇ ಹೋಗುತ್ತದೆ. ಅಂದರೆ ದುಪ್ಪಟ್ಟು, 88 ಡಿಗ್ರಿ. ಘರ್ಷಣೆ ಒಂಬತ್ತು ಡಿಗ್ರಿ ನುಂಗಿತು, ಅಷ್ಟೇ. ಸಾಲದ್ದಕ್ಕೆ ಅರ್ಧವೃತ್ತದ ಆ ತಿರುವು ಮುಗಿಯುವುದರೊಳಗೆ ಎರಡು ಸಲ ತೂಗಾಡಿ, ಎಂಥ ಭಂಗಿಯಲ್ಲಿ ಹೊರಬರುತ್ತದೋ ಅದರ ಅದೃಷ್ಟ.

ಸುತ್ತು 37

ಹಳಿಯ ಪಕ್ಕಕ್ಕೆ ತಾಗಿ ಉರುಳುವ ಪಕ್ಕದ ಚಕ್ರದ ಸ್ಕ್ರೂ ಬಿಚ್ಚಿಕೊಂಡು ಬಿತ್ತು. ಥ್ರೆಡ್ ಲಾಕ್ ಅಂಟು ಹಾಕಿದೆ. ಬಿದ್ದ ಸ್ಕ್ರೂ ಇನ್ನೂ ಸಿಕ್ಕಿಲ್ಲ.

ಸುತ್ತು 58

ತೂಗಾಟ ಜಾಸ್ತಿಯಾದರೆ ಡ್ಯಾಂಪರ್ ಹಾಕು, ಅಲ್ವಾ? ರಿಮೋಟ್ ಕಾರಿನ ಪುಟ್ಟ ಎಣ್ಣೆ ಡ್ಯಾಂಪರ್‌ಗಳನ್ನು ಬೋಗಿಗೂ ಚಕ್ರದ ಚೌಕಟ್ಟಿಗೂ ನಡುವೆ ಕೂರಿಸಿದೆ. ದಪ್ಪ ಎಣ್ಣೆ ತುಂಬಿದೆ. ತೂಗಾಟ ನಿಂತೇ ಹೋಯಿತು. ಖುಷಿಯಿಂದ ಹಳಿಯ ಮೇಲೆ ಬೆರಳಿಟ್ಟೆ. ಪ್ರತಿ ತಿರುವಿನಲ್ಲೂ ಹಳಿ ತಿರುಚಿಕೊಳ್ಳುವುದು ಬೆರಳಿಗೇ ಗೊತ್ತಾಗುತ್ತಿತ್ತು.

ಆಗಬೇಕಾದ್ದೇ ಆಗಿದೆ. ಬೋಗಿ ಸಲೀಸಾಗಿ ತೂಗುವಾಗ ಅದು ಹಳಿಯನ್ನು ಎಳೆಯುತ್ತದೆ, ತಿರುಚುವುದಿಲ್ಲ. ಕೀಲನ್ನು ಬಿಗಿ ಮಾಡಿದರೆ ಬೋಗಿಯೇ ಸನ್ನೆಕೋಲಾಗಿ ಹಳಿಯನ್ನು ತಿರುಚುತ್ತದೆ. ಬೋಗಿಯ ಕಾಟ ತಪ್ಪಿಸಲು ಹೋಗಿ ಹಳಿಯ ತಲೆಗೆ ಕಟ್ಟಿದ್ದೇನೆ. ತೆಳು ಎಣ್ಣೆಗೆ ಬದಲಾಯಿಸಿದೆ. ಈಗ 79ಕ್ಕಿಂತ ಒಂದೆರಡು ಡಿಗ್ರಿ ಕಡಿಮೆ, ಹಳಿಯೂ ಸುಮ್ನಿದೆ.

ಇದೇ ಆ್ಯರೋ ಇಪ್ಪತ್ತು ವರ್ಷದ ನಂತರ ಕ್ಯಾಲಿಫೋರ್ನಿಯಾದ ಮ್ಯಾಜಿಕ್ ಮೌಂಟನ್ ಪಾರ್ಕಿನಲ್ಲಿ 'ಎಕ್ಸ್' ಕಟ್ಟಿತು. ಅಲ್ಲಿ ಸೀಟುಗಳು ಹಳಿಯ ಎರಡು ಬದಿಗೆ ಚಾಚಿಕೊಂಡಿವೆ, ಓಡುತ್ತಲೇ ಮುಂದಕ್ಕೂ ಹಿಂದಕ್ಕೂ ಉರುಳುತ್ತವೆ. ಉರುಳಿಸಲೆಂದೇ ಬೇರೆ ಎರಡು ಹಳಿ ಇವೆ. ಆ ಹಳಿ ಏರಿಳಿದ ಹಾಗೆ ಹಲ್ಲಿನ ಪಟ್ಟಿ ಸರಿದು ಸೀಟಿನ ಚಕ್ರವನ್ನು ತಿರುಗಿಸುತ್ತದೆ. ಮೋಟರ್ ಇಲ್ಲ, ಕಂಪ್ಯೂಟರ್ ಇಲ್ಲ. ಎಂಥ ಚೆಂದದ ಉಪಾಯ! ಆದರೆ ಸೀಟು ಎಷ್ಟು ಹೊರಗೆ ಚಾಚಿದರೆ ಅಷ್ಟೂ ಭಾರ ಚೌಕಟ್ಟಿನ ಮೇಲೆ. 2002ರಲ್ಲಿ ತೆರೆದ ಮೊದಲ ವರ್ಷವೇ ದುರಸ್ತಿಗೆ ಮುಚ್ಚಬೇಕಾಯಿತು. 2008ರಲ್ಲಿ ಬೋಗಿಗಳನ್ನೇ ಹೊಸದಾಗಿ ಮಾಡಿ 'ಎಕ್ಸ್2' ಅಂತ ಓಡಿಸಿದರು.

ಸುತ್ತು 140

ಇಷ್ಟು ಓಡಿದರೂ ಹಳಿಯಲ್ಲಿ, ಕಂಬದಲ್ಲಿ ಒಂದು ಗೆರೆಯೂ ಇಲ್ಲ. ಇದು ನನ್ನ ಕೈಚಳಕ ಅಂದುಕೊಳ್ಳುವ ಮೊದಲು ಕಾಗದ ಪೆನ್ಸಿಲ್ ಹಿಡಿದು ಕೂತೆ.

ಎಲ್ಲ ಅಳತೆಯನ್ನೂ ಇಪ್ಪತ್ತರಿಂದ ಭಾಗಿಸಿದರೆ ತೂಕ 8,000 ಪಟ್ಟು ಇಳಿಯುತ್ತದೆ, ಏಕೆಂದರೆ ಉದ್ದ, ಅಗಲ, ಎತ್ತರ ಮೂರೂ ಕುಗ್ಗುತ್ತವೆ. ಆದರೆ ಉಕ್ಕಿನ ಅಡ್ಡಕೊಯ್ತ ಇಳಿಯುವುದು 400 ಪಟ್ಟು ಮಾತ್ರ. ಹಾಗಾಗಿ ನನ್ನ ಹಳಿಯ ಉಕ್ಕಿಗೆ ಬೀಳುವ ಒತ್ತಡ ನಿಜವಾದ ಹಳಿಯದರ ಇಪ್ಪತ್ತರಲ್ಲಿ ಒಂದು ಭಾಗ. ಬೋಗಿ ಹೇಗೆ ತೂಗುತ್ತದೆ ಅನ್ನುವುದನ್ನು ಮಾದರಿ ಪ್ರಾಮಾಣಿಕವಾಗಿ ಹೇಳುತ್ತದೆ. ವೇಗಕ್ಕೆ ಇಪ್ಪತ್ತರ ವರ್ಗಮೂಲ ಹಿಡಿದರೆ ಸಾಕು, ಕೋನ ಎರಡರಲ್ಲೂ ಒಂದೇ. ಆದರೆ ಉಕ್ಕು ತಡೆಯುತ್ತದೋ ಇಲ್ಲವೋ ಅಂತ ಕೇಳಿದರೆ ಬೆನ್ನು ತಟ್ಟಿ ಸುಳ್ಳು ಹೇಳುತ್ತದೆ. ಮೇಜಿನ ಮೇಲೆ ಗೆದ್ದ ಮಾದರಿ ನಿಜವಾಗಿ ಕಟ್ಟಿದಾಗ ಬಿರುಕು ಬಿಡುವುದಕ್ಕೆ ಇದಿಷ್ಟೇ ಸಾಕು.

ಉಪಾಯ ಒಂದೇ, ಬೇಕಂತಲೇ ಒಂದು ಜಾಗವನ್ನು ಬಡಕಲು ಮಾಡುವುದು. ಮೊದಲ ತಿರುವಿನ ನಡುಗಂಬದಲ್ಲಿ ಹಳಿಯನ್ನು ಹಿಡಿದಿದ್ದ ದಪ್ಪ ಕ್ಲಾಂಪ್ ತೆಗೆದೆ. ಆ ಜಾಗಕ್ಕೆ ಅರ್ಧ ಮಿ.ಮೀ. ದಪ್ಪದ ಹಿತ್ತಾಳೆ ಪಟ್ಟಿ ಹಾಕಿ, ಅರದಿಂದ ಅದಕ್ಕೊಂದು ಕಚ್ಚು ಮಾಡಿದೆ. ಎಲ್ಲಕ್ಕಿಂತ ಮೊದಲು ಬಿಟ್ಟುಕೊಡಬೇಕಾದ್ದು ಅದು.

ಜೊತೆಗೆ ತಿರುವಿನ ಪ್ರವೇಶವನ್ನೂ ಬದಲಿಸಿದೆ. ತಿರುವು ಒಮ್ಮೆಲೇ ಬರಬಾರದು, ಮೆಲ್ಲಗೆ ಬಿಗಿಯಾಗುತ್ತ ಬರಬೇಕು. ಬೋಗಿ ಒಂದು ಪೂರ್ತಿ ತೂಗಾಟಕ್ಕೆ ತೆಗೆದುಕೊಳ್ಳುವ ಸಮಯ ಸುಮಾರು 0.45 ಸೆಕೆಂಡ್. ತಿರುವು ಬಿಗಿಯಾಗಲು ಸರಿಯಾಗಿ ಅಷ್ಟೇ ಸಮಯ ಸಿಕ್ಕರೆ, ತೂಗಾಟ ತನ್ನನ್ನು ತಾನೇ ಅಳಿಸಿಕೊಂಡು ಬೋಗಿ 44 ಡಿಗ್ರಿಯಲ್ಲಿ ಶಾಂತವಾಗಿ ನಿಲ್ಲುತ್ತದೆ. ಆ ವೇಗದಲ್ಲಿ ಅದಕ್ಕೆ ಒಂದು ಮೀಟರಿಗಿಂತ ಜಾಸ್ತಿ ಹಳಿ ಬೇಕು. ನನ್ನ ಮೇಜಿನಲ್ಲಿ ಎಲ್ಲಿದೆ ಜಾಗ? ಎರಡು ವಾರ ಕೂತು ಬಗ್ಗಿಸಿದ ಸುರುಳಿಯೊಂದು ಅಡ್ಡ ಕೂತಿತ್ತು. ಅದನ್ನು ಕಿತ್ತೆ. ಆಗಲೂ ಸಿಕ್ಕಿದ್ದು 50 ಸೆಂ.ಮೀ.

ಕೀಳುವಾಗ ಹೊಟ್ಟೆ ಉರಿಯಿತು. ಸಮಾಧಾನಕ್ಕೆ ಮೇವರಿಕ್ ಅನ್ನುವ ಕೋಸ್ಟರ್ ನೆನಪಾಯಿತು. 2007ರಲ್ಲಿ ಸೀಡರ್ ಪಾಯಿಂಟ್ ಪಾರ್ಕಿನಲ್ಲಿ ಅದನ್ನು ಪೂರ್ತಿ ಕಟ್ಟಿ, ಪರೀಕ್ಷೆಗೆ ಓಡಿಸಿದ ಮೇಲೆ, ಒಂದು ಉರುಳು ತಿರುವು ಬೋಗಿಗಳಿಗೆ ತೀರಾ ಭಾರ ಅಂತ ಗೊತ್ತಾಯಿತು. ಉಕ್ಕಿನ ಹಳಿಯ ಅಷ್ಟು ಭಾಗವನ್ನು ತೆಗೆದು ಬೇರೆ ಹಾಕಿದರು, ಉದ್ಘಾಟನೆಯೂ ಮುಂದಕ್ಕೆ ಹೋಯಿತು. ಅವರ ಮುಂದೆ ನನ್ನದೇನು ಮಹಾ.

50 ಸೆಂ.ಮೀ.ಗೆ ಸಿಕ್ಕ ಫಲ: 66 ಡಿಗ್ರಿ. ಕಂಬಗಳನ್ನು 75ಕ್ಕೆ ಇಟ್ಟಿದ್ದೇನೆ.

ಸುತ್ತು 412

ಯಾವುದೂ ಮುರಿದಿಲ್ಲ. ಆದರೆ ಶುರುವಿನಲ್ಲಿ 3.6 ಸೆಕೆಂಡ್ ಇದ್ದ ಓಟ ಈಗ 3.9. ಸುತ್ತಿನಿಂದ ಸುತ್ತಿಗೆ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಏರಿದೆ. ಬರೆದಿಟ್ಟುಕೊಳ್ಳದೆ ಇದ್ದಿದ್ದರೆ ತಿಳಿಯುತ್ತಲೇ ಇರಲಿಲ್ಲ.

ಬೋಗಿ ಇಳಿಸಿ ನೋಡಿದೆ. ಮೇಲಿನ ಚಕ್ರಗಳು ಹೊಸದರ ಹಾಗಿವೆ, ಪಕ್ಕದ ಚಕ್ರಗಳು ಸವೆದು ಓರೆಯಾಗಿವೆ. ಬೇರಿಂಗ್ ಮೇಲೆ ಪಾಲಿಯುರಿಥೇನ್ ಉಂಗುರ ಹಾಕಿದ್ದೆ. ಎಡಪಕ್ಕದ ಆರೂ ಉಂಗುರಗಳ ಹೊರ ಅಂಚು ಪುಡಿಪುಡಿ. ಹಳಿಗೆ ಓರೆ ಇಲ್ಲದಿದ್ದರೆ ತಿರುವಿನ ಅಡ್ಡ ಎಳೆತವೆಲ್ಲ ಈ ಸಣ್ಣ ಚಕ್ರಗಳ ಪಾಲಿಗೇ. ದೊಡ್ಡ ಚಕ್ರಗಳು ಮೇಲೆ ಹಾಯಾಗಿ ಉರುಳುತ್ತಿವೆ.

ಗಟ್ಟಿ ನೈಲಾನ್ ಹಾಕಿದರೆ ಸವೆತ ಕಡಿಮೆ, ವೇಗ ಜಾಸ್ತಿ, ಆದರೆ ಹಳಿಯ ಪ್ರತಿ ಬೆಸುಗೆಯ ಗುದ್ದೂ ಬೋಗಿಗೆ ಹೋಗುತ್ತದೆ. ಪಾಲಿಯುರಿಥೇನ್ ಗುದ್ದು ನುಂಗುತ್ತದೆ, ಕಾವೇರುತ್ತದೆ, ಸವೆಯುತ್ತದೆ. ದೊಡ್ಡವರಿಗೂ ಇದೇ ಗೋಳು. 420 ಅಡಿ ಎತ್ತರದ 'ಟಾಪ್ ಥ್ರಿಲ್ 2' ಕೋಸ್ಟರ್, ಓಡಿಸುವ ವಿಧಾನವನ್ನೇ ಹೊಸದಾಗಿ ಬದಲಿಸಿಕೊಂಡು 2024ರ ಮೇ ತಿಂಗಳಲ್ಲಿ ತೆರೆಯಿತು. ಕೆಲವೇ ದಿನಕ್ಕೆ ಮುಚ್ಚಿ ಆ ಸೀಸನ್ ಪೂರ್ತಿ ನಿಂತಿತು. ತಕರಾರು ಆಕಾಶದೆತ್ತರದ ಗೋಪುರದ್ದಲ್ಲ, ಚಕ್ರದ್ದು.

ಹೊಸ ಉಂಗುರ ಹಾಕಿದೆ. ಪಕ್ಕದ ಚಕ್ರಗಳಿಗೆ ಮಾತ್ರ ಸ್ವಲ್ಪ ಗಟ್ಟಿಯವು.

ಸುತ್ತು 655

ಹಿತ್ತಾಳೆ ಪಟ್ಟಿ ಹೋಯಿತು.

ಸದ್ದೇನೂ ಬರಲಿಲ್ಲ. ಐವತ್ತು ಸುತ್ತಿಗೊಮ್ಮೆ ಭೂತಗನ್ನಡಿ ಹಿಡಿದು ನೋಡುವ ರೂಢಿ ಮಾಡಿಕೊಂಡಿದ್ದೆ. 650ರಲ್ಲಿ ಕಚ್ಚಿನ ಬುಡದಲ್ಲಿ ಕೂದಲೆಳೆಯಂಥ ಗೆರೆ ಕಂಡಿತು. ಐದೇ ಸುತ್ತು ಓಡಿಸಿದೆ, ಗೆರೆ ಪಟ್ಟಿಯ ಅರ್ಧ ದಾಟಿತು. ನಿಲ್ಲಿಸಿದೆ. ಪಟ್ಟಿ ತಡೆದದ್ದು 515 ಸುತ್ತು. ಅಷ್ಟರಲ್ಲಿ ಮೊದಲ ಐನೂರು ಸುತ್ತು ಅದು ಹೊಸದರ ಹಾಗೇ ಕಾಣುತ್ತಿತ್ತು ಅನ್ನುವುದನ್ನು ಗಮನಿಸಿ. ಪೇಪರ್ ಕ್ಲಿಪ್ ಹಿಂದೆ ಮುಂದೆ ಬಗ್ಗಿಸುವಾಗಲೂ ಹೀಗೇ. ಮುರಿಯುವ ಗಳಿಗೆಯವರೆಗೆ ಅದು ಏನನ್ನೂ ಬಿಟ್ಟುಕೊಡುವುದಿಲ್ಲ.

ಬ್ಯಾಟ್ ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್‌ಗಳ ಪಾಡು ಈಗ ಅಂದಾಜಾಗುತ್ತಿದೆ. ನನಗೆ ನೋಡಬೇಕಾದ್ದು ಒಂದೇ ಪಟ್ಟಿ.

ಸುತ್ತು 656

ಈಗ ಹಳಿಗೆ ಓರೆ ಕೊಟ್ಟಿದ್ದೇನೆ, ಮೊದಲ ತಿರುವಿಗೆ 25 ಡಿಗ್ರಿ. ಆ್ಯರೋ ಕೂಡ 1984ರಲ್ಲೇ ಪಾಠ ಕಲಿತು ಎರಡು ಹೊಸ ತೂಗು ಕೋಸ್ಟರ್ ಕಟ್ಟಿತು. ವರ್ಜೀನಿಯಾದ ಬಿಗ್ ಬ್ಯಾಡ್ ವುಲ್ಫ್, ಟೆಕ್ಸಾಸಿನ ಎಕ್ಸ್‌ಎಲ್‌ಆರ್-8. ಎರಡಕ್ಕೂ ಓರೆ ಹಳಿ. ಮೊದಲನೆಯದು 2009ರವರೆಗೆ, ಎರಡನೆಯದು 2005ರವರೆಗೆ ಓಡಿದವು. ಉಪಾಯ ಕೆಟ್ಟದಾಗಿರಲಿಲ್ಲ, ಹಳಿಯ ಕೋನ ತಪ್ಪಿತ್ತು. ಕಿಂಗ್ಸ್ ಐಲೆಂಡ್‌ನವರು 1993ರಲ್ಲಿ ಮತ್ತೊಂದು ತೂಗು ಕೋಸ್ಟರ್ ಹಾಕಿಸಿದರು. 2014ರಲ್ಲಿ ಅದಕ್ಕೆ ಇಟ್ಟ ಹೆಸರು, ಮತ್ತೆ 'ದಿ ಬ್ಯಾಟ್'. ಛಲ ಅಂದರೆ ಇದು.

ಓರೆ ಕೊಟ್ಟರೂ ಬೋಗಿ ನೆಟ್ಟಗಿನ ಗೆರೆಯಿಂದ ವಾಲುವ ಕೋನ ಅದೇ 44. ಬದಲಾಗುವುದು ಹಳಿಗೂ ಬೋಗಿಗೂ ನಡುವಿನ ಕೋನ, ಈಗ ಅದು 19. ಪಕ್ಕದ ಚಕ್ರಕ್ಕೆ ಬೀಳುವ ಭಾರ ಲೆಕ್ಕದ ಪ್ರಕಾರ ಅರ್ಧಕ್ಕಿಂತ ಕಡಿಮೆ. ಮಿಕ್ಕಿದ್ದನ್ನು ಆ ಸೋಮಾರಿ ದೊಡ್ಡ ಚಕ್ರಗಳು ಹೊರಬೇಕು. ಅದೇ ಅಳತೆಯ ಹೊಸ ಹಿತ್ತಾಳೆ ಪಟ್ಟಿ ಹಾಕಿದ್ದೇನೆ, ಕಚ್ಚೂ ಅಷ್ಟೇ ಆಳ.

ಸುತ್ತು 1,904

ಪಟ್ಟಿ 1,248 ಸುತ್ತು ದಾಟಿದೆ, ಗೆರೆ ಇಲ್ಲ. ಭಾರ ಅರ್ಧಕ್ಕೆ ಇಳಿದರೆ ಲೋಹದ ಆಯಸ್ಸು ಬರೀ ಎರಡು ಪಟ್ಟಲ್ಲ, ಎಷ್ಟೋ ಪಟ್ಟು ಹೆಚ್ಚುತ್ತದೆ ಅಂತ ಓದಿದ್ದೆ. ಹಾಗೇ ಕಾಣುತ್ತಿದೆ. ಆದರೆ ಇದು ಒಂದು ಪಟ್ಟಿಯ ಎದುರು ಇನ್ನೊಂದೇ ಪಟ್ಟಿ. ಕಚ್ಚು ಹಾಕಿದ್ದು ನನ್ನ ಕೈ, ಅರ ಒಂದು ಎಳೆ ಆಚೀಚೆ ಆಗಿದ್ದರೂ ಲೆಕ್ಕ ತಪ್ಪುತ್ತದೆ. ಕನಿಷ್ಠ ಐದೈದು ಪಟ್ಟಿ ಓಡಿಸದೆ ಏನನ್ನೂ ಹೇಳಬಾರದು.

ಓಟದ ಸಮಯ 3.6ರಲ್ಲೇ ನಿಂತಿದೆ. ಪಕ್ಕದ ಚಕ್ರಗಳ ಅಂಚು ಚೂರು ಮಾಸಿದೆ, ಪುಡಿಯಾಗಿಲ್ಲ.

ಓಟ ನಿಂತಿದ್ದು ಬೇರೆ ಕಾರಣಕ್ಕೆ. ಬೋಗಿಯನ್ನು ಮೇಲಕ್ಕೆಳೆಯುವ ಸರಪಳಿ ಜಗ್ಗಿ, ಕೊಂಡಿ ಹಲ್ಲುಚಕ್ರದ ಮೇಲೆ ಹತ್ತಿ ಸಿಕ್ಕಿಕೊಂಡಿತು. ಇಡೀ ಯಂತ್ರದಲ್ಲಿ ಹೊಸತನವೇ ಇಲ್ಲದ ಭಾಗ ಅದೊಂದೇ, ಅದಕ್ಕೇ ಒಮ್ಮೆಯೂ ತಿರುಗಿ ನೋಡಿರಲಿಲ್ಲ. ಹಿಂದಕ್ಕೆ ಜಾರದ ಹಾಗೆ ಹಾಕಿದ್ದ ಕೊಕ್ಕೆ ಬೋಗಿಗಳನ್ನು ಹಿಡಿದುಕೊಂಡಿತು. ಈಗಲೂ ಮೂರು ಬೋಗಿ ಏರಿನ ಮಧ್ಯೆ ನೇತಾಡುತ್ತಿವೆ.

ಸರಪಳಿ ಬಿಗಿ ಮಾಡಲು ಸ್ಪ್ರಿಂಗ್ ಇರುವ ಒಂದು ಸಣ್ಣ ಗಾಲಿ ಮಾಡಬೇಕು. ಪಟ್ಟಿಯನ್ನು ಮುಟ್ಟಿಲ್ಲ. ಕೌಂಟರ್ 1,904ರಲ್ಲೇ ಇದೆ.