ಪುಲ್ ಅಪ್ ಡೈರಿ: ಎಳೆಯುವಾಗಲೇ ಯಾಕಿಷ್ಟು ಸುಸ್ತು?

ಪುಶ್ ಅಪ್ ಈಗ 25ರ ಆಸುಪಾಸು ಆರಾಮಾಗಿ ಬರುತ್ತಿದೆ. ಪುಲ್ ಅಪ್, ಅಂದರೆ ಕಂಬಿಗೆ ಜೋತುಬಿದ್ದು ಗದ್ದ ಕಂಬಿ ದಾಟುವವರೆಗೆ ಮೈಯನ್ನು ಮೇಲೆಳೆಯುವುದು, ಮಾತ್ರ 5ಕ್ಕೆ ನಿಂತುಬಿಡುತ್ತದೆ. ಬೆನ್ನಿನಲ್ಲಿ ಬಲ ಕಮ್ಮಿ ಅಂತ ಸುಮ್ನೆ ಹೇಳುವ ಮೊದಲು, ಎರಡರಲ್ಲೂ ಎಷ್ಟು ಭಾರ ಬೀಳುತ್ತದೆ ಅಂತ ಈ ತಿಂಗಳು ನೋಡಿದೆ.

ತೂಕದ ಮಷಿನ್ ಮೇಲೆ ಎರಡೂ ಕೈ ಊರಿ ಪುಶ್ ಅಪ್ ಭಂಗಿಯಲ್ಲಿ ನಿಂತೆ. ನನ್ನ ತೂಕ 70 ಕೆಜಿ. ಕೈ ನೇರ ಇದ್ದಾಗ ಮಷಿನ್ ಸುಮಾರು 48 ತೋರಿಸಿತು, ಕೆಳಗೆ ಇಳಿದಾಗ 52ರ ಹತ್ತಿರ. ಉಳಿದದ್ದನ್ನು ಕಾಲು ಹೊರುತ್ತದೆ. ಪುಲ್ ಅಪ್‌ನಲ್ಲಿ ಕಾಲಿಗೆ ಆಸರೆಯೇ ಇಲ್ಲ, ಹೆಚ್ಚುಕಮ್ಮಿ ಪೂರ್ತಿ 70 ಕೈ ಮೇಲೆಯೇ. ಅಂದರೆ ನಾನು ಇಷ್ಟು ದಿನ ಎರಡು ಬೇರೆ ಬೇರೆ ಭಾರಗಳನ್ನು ಹೋಲಿಸುತ್ತಿದ್ದೆ. ನ್ಯಾಯವಾಗಿ ಹೋಲಿಸಬೇಕಾದದ್ದು ಡಿಪ್ಸ್ ಜೊತೆ, ಅಂದರೆ ಎರಡು ಸಮಾನಾಂತರ ಕಂಬಿಗಳ ಮೇಲೆ ಕೈ ಊರಿ ಮೈಯನ್ನು ಇಳಿಸಿ ಎತ್ತುವುದು. ಅದೂ ತಳ್ಳುವ ವ್ಯಾಯಾಮವೇ, ಆದರೆ ಅಲ್ಲೂ ಕಾಲು ಗಾಳಿಯಲ್ಲಿ. ಅದರಲ್ಲಿ ನನಗೆ 9 ಬರುತ್ತದೆ. 25 ಎಲ್ಲಿ, 9 ಎಲ್ಲಿ!

ಆದರೂ 9ಕ್ಕೂ 5ಕ್ಕೂ ಅಂತರ ಇದೆ ಅಲ್ವಾ? ಅಲ್ಲಿ ಮುಖ್ಯ ಪಾತ್ರ ಹಿಡಿತದ್ದು ಅಂತ ನನ್ನ ಅನಿಸಿಕೆ. ಡಿಪ್ಸ್ ಆಗಲಿ ಪುಶ್ ಅಪ್ ಆಗಲಿ, ಕೈ ನೇರ ಮಾಡಿ ನಿಂತರೆ ಭಾರದ ಬಹುಪಾಲನ್ನು ಮೂಳೆಗಳೇ ಹೊರುತ್ತವೆ. ಎರಡು ಉಸಿರು ತೆಗೆದುಕೊಂಡು ಮುಂದುವರಿಯಬಹುದು. ಪುಲ್ ಅಪ್‌ನಲ್ಲಿ ಸುಧಾರಿಸಿಕೊಳ್ಳೋಣ ಅಂತ ಜೋತುಬಿದ್ದರೂ ಬೆರಳು ಬಿಡುವಂತಿಲ್ಲ. ಬಿಗಿ ಹಿಡಿದ ಮುಂಗೈ ಸ್ನಾಯುಗಳಿಗೆ ರಕ್ತದ ಓಡಾಟವೂ ಕಮ್ಮಿಯಾಗುತ್ತದೆ, ಅದಕ್ಕೇ ಆ ಉರಿ. ಹಿಡಿತದ ಭಾರ ತಗ್ಗಲಿ ಅಂತ ಮಣಿಕಟ್ಟನ್ನು ಸ್ಟ್ರ್ಯಾಪ್‌ನಿಂದ ಕಂಬಿಗೆ ಸುತ್ತಿಕೊಂಡು ಮಾಡಿದ ದಿನ 7 ಬಂತು. ಬೆನ್ನಿನಲ್ಲಿ ಇನ್ನೂ ಬಲ ಉಳಿದಿತ್ತು, ಮುಂಗೈ ಮೊದಲೇ ಸೋಲುತ್ತಿತ್ತು.

ಇನ್ನೊಂದು ವಿಷಯ. ಪುಶ್ ಅಪ್‌ನಲ್ಲಿ ಕಷ್ಟ ಇರುವುದು ಕೆಳಗೆ, ಮೇಲೆ ಬಂದಂತೆ ಹಗುರ. ಪುಲ್ ಅಪ್‌ನಲ್ಲಿ ಕೊನೆಯ ನಾಲ್ಕು ಬೆರಳಿನಷ್ಟು ದೂರವೇ ಕಠಿಣ. ಗದ್ದ ಕಂಬಿಯ ಹತ್ತಿರ ಬರುವ ಹೊತ್ತಿಗೆ ಬೆನ್ನು, ರಟ್ಟೆಯ ಸ್ನಾಯುಗಳು ಚಿಕ್ಕದಾಗಿ ಮುದುಡಿರುತ್ತವೆ. ಹಾಗೆ ಮುದುಡಿದ ಸ್ನಾಯು ಜಾಸ್ತಿ ಬಲ ಹಾಕಲಾರದು.

ಹಾಗಾಗಿ ಕ್ರಮ ಬದಲಿಸಿದ್ದೇನೆ. ಕೈ ದಣಿಯುವ ಮೊದಲೇ, ಶುರುವಿನಲ್ಲೇ ಪುಲ್ ಅಪ್. ಒಂದು ಸುತ್ತಿಗೆ 3 ಮಾತ್ರ, ಸುತ್ತುಗಳ ನಡುವೆ 3 ನಿಮಿಷ ಪೂರ್ತಿ ವಿಶ್ರಾಂತಿ. ಆಮೇಲೆ ಸ್ಟೂಲ್ ಹತ್ತಿ, ಗದ್ದ ಕಂಬಿಗಿಂತ ಮೇಲಿಟ್ಟು, ಕಂಬಿ ಹಿಡಿದೇ ನಿಧಾನ ಇಳಿಯುವುದು. ಇಳಿಸುವಾಗ ಸ್ನಾಯು ಎತ್ತುವಾಗಿನದಕ್ಕಿಂತ ಜಾಸ್ತಿ ಭಾರ ತಡೆಯುತ್ತದೆ, ಆದರೆ ಮರುದಿನದ ನೋವೂ ಜಾಸ್ತಿ. ಅದಕ್ಕೇ ವಾರಕ್ಕೆ ಎರಡೇ ಸಲ. ಕೊನೆಗೆ ತಗ್ಗು ಕಂಬಿಯ ಕೆಳಗೆ ಹಿಮ್ಮಡಿ ನೆಲಕ್ಕಿಟ್ಟು ಎದೆ ಎಳೆಯುವ ರೋ. ಇಲ್ಲಿ ಕಾಲೂ ಪಾಲು ತೆಗೆದುಕೊಳ್ಳುವುದರಿಂದ 14 ಬರುತ್ತಿದೆ. ಎಲ್ಲ ಮುಗಿದ ಮೇಲೆ ಹಿಡಿತಕ್ಕಾಗಿ ಸುಮ್ಮನೆ ಜೋತುಬೀಳುತ್ತೇನೆ, ಸ್ಟ್ರ್ಯಾಪ್ ಇಲ್ಲದೆ.

ಮೊನ್ನೆ ಬರಿಗೈಯಲ್ಲಿ 6 ಬಂತು. ಆರನೆಯದರಲ್ಲೂ ಗದ್ದ ಸ್ಪಷ್ಟವಾಗಿ ಕಂಬಿ ದಾಟಿತ್ತು, ತುಂಬಾ ಖುಷಿಯಾಯಿತು. ಮುಂದಿನ ತಿಂಗಳು ಅಂಗೈ ನನ್ನ ಕಡೆ ತಿರುಗಿಸಿ ಚಿನ್ ಅಪ್ ಸೇರಿಸುತ್ತೇನೆ. ರಟ್ಟೆ ಇನ್ನಷ್ಟು ಕೆಲಸ ಹಂಚಿಕೊಂಡರೆ ಆ ಕೊನೆಯ ನಾಲ್ಕು ಬೆರಳು ಎಷ್ಟು ಸಲೀಸಾಗುತ್ತದೆ ಅಂತ ನೋಡಬೇಕು.